ಬೆನ್ನುಬೇನೆಗೆ ನಡಿಗೆಯೇ ಮದ್ದು



ಸೊಂಟದಿಂದ ಪಾದದವರೆಗೆ ಸೆಳೆಯುವ ನರದ ನೋವಿಗೆ ಆಯುರ್ವೇದವು ಗೃಧ್ರಸಿ ಎಂದು ಹೆಸರಿಟ್ಟಿದೆ; ರೋಗಿಯ ನಡಿಗೆಯು ಗೃಧ್ರದ, ಎಂದರೆ ರಣಹದ್ದಿನ, ನಡಿಗೆಯನ್ನು ಹೋಲುವುದೆಂಬರು. ಈ ಬೇನೆಯಿಂದ ನಾನೂ ಮೂರು ತಿಂಗಳು ಹಾಸಿಗೆ ಹಿಡಿದಿದ್ದೆನು. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಬಲಗುಂದುವುವು, ಭಯವು ಬೆಳೆಯುವುದು ಎಂಬುದನ್ನು ತಡವಾಗಿ ಅರಿತೆನು. ಮೊದಲ ದಿನ ಅಂಗಳದಲ್ಲಿ ಹತ್ತೇ ಹೆಜ್ಜೆ, ಬರಬರುತ್ತ ಹೊಲದವರೆಗೆ. ಎಣ್ಣೆಯ ಅಭ್ಯಂಗವೂ ಬಿಸಿನೀರಿನ ಶಾಖವೂ ನೋವನ್ನು ಶಮನಗೊಳಿಸಿದುವು. ಬಲವನ್ನು ಮರಳಿಸಿದುದು ನಡಿಗೆಯೇ.

ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಸೊಂಟನೋವನ್ನು ಕುರಿತು 2023ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ವ್ಯಾಯಾಮ, ಅಂಗಮರ್ದನ, ತಿಳಿವಳಿಕೆ, ಮನಸ್ಸಿನ ಉಪಚಾರ ಇವುಗಳಿಗೆ ಮನ್ನಣೆಯುಂಟು. ಸೊಂಟಪಟ್ಟಿ, ಎಳೆತದ ಚಿಕಿತ್ಸೆ, ಅಫೀಮಿನ ಜಾತಿಯ ಔಷಧಗಳು ವಾಡಿಕೆಯಾಗಿ ಸಲ್ಲವೆಂದಿದೆ.

ಆದರೆ ಒಂದು ಎಚ್ಚರಿಕೆ. ಕಾಲು ಶಕ್ತಿಗುಂದಿದರೆ, ತೊಡೆಗಳ ಸಂದಿನಲ್ಲಿ ಸ್ಪರ್ಶವು ತಿಳಿಯದಿದ್ದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಎಣ್ಣೆಯನ್ನೂ ವ್ಯಾಯಾಮವನ್ನೂ ನೆಚ್ಚಿ ಕೂಡದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿದರೆ ಆ ನಷ್ಟವು ಶಾಶ್ವತವಾಗಬಹುದು.

ಉಳಿದ ಬೇನೆಗಳಲ್ಲಿ ಕಾಯವನ್ನು ಕಾಯಕದಿಂದ ಅಗಲಿಸದಿರಿ. ದೇಹಶಕ್ತಿಗೆ ತಕ್ಕಷ್ಟು ದುಡಿಯಿರಿ, ನಡೆಯಿರಿ.