ಕುರಿಗಾಹಿ ಹತ್ತಿದ ದಾರಿ



ಯಾವ ಬೆಟ್ಟಕ್ಕೇ ಆಗಲಿ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಜನ ಜಾನುವಾರುಗಳು ನಡೆದು ಸವೆಸಿದ ದಾರಿ. ಇನ್ನೊಂದು, ನೀರು ಇಳಿದು ಬರುವ ದಾರಿ. ಮೊದಲನೆಯದರಲ್ಲಿ ಯಾರು ಬೇಕಾದರೂ ಹೋಗಬಹುದು. ಎರಡನೆಯದನ್ನು ಹಿಡಿದವರು ಬೆಟ್ಟದ ಗುಣವನ್ನು ಅರಿಯದೆ ಒಂದು ಹೆಜ್ಜೆಯನ್ನೂ ಇಡಲಾರರು.

1873ರ ಅಕ್ಟೋಬರ್ 21ರಂದು ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಿಯೆರ್ರಾ ನೆವಾಡಾ ಪರ್ವತಶ್ರೇಣಿಯ ಅತ್ಯುನ್ನತ ಶಿಖರವಾದ ಮೌಂಟ್ ವಿಟ್ನಿಯ ನೆತ್ತಿಯನ್ನು ಮೂವತ್ತೈದು ವರ್ಷದ ವ್ಯಕ್ತಿಯೊಬ್ಬರು ಒಬ್ಬಂಟಿಯಾಗಿ ತಲುಪಿದರು. ಅವರು ಬಂದದ್ದು ಎರಡನೆಯ ದಾರಿಯಿಂದ. ಜೊತೆಗಾರರಿಲ್ಲ, ಹಗ್ಗವಿಲ್ಲ, ಹೇಸರಗತ್ತೆಯಿಲ್ಲ. ಅವರ ಹೆಸರು ಜಾನ್ ಮ್ಯೂರ್.

ಆ ಶಿಖರವನ್ನು ಏರಿದವರಲ್ಲಿ ಮ್ಯೂರ್ ಮೊದಲಿಗರಲ್ಲ. ಆದ್ದರಿಂದ ಇದು ದಾಖಲೆಯ ಕಥೆಯಲ್ಲ. ಬೆಟ್ಟದ ಬಗ್ಗೆ ಮಾತನಾಡುವ ಅಧಿಕಾರ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಈ ಆರೋಹಣದ ಹಿಂದಿದೆ. ಆ ಪ್ರಶ್ನೆ ಬೆಟ್ಟದ ಸೀಮೆಯಲ್ಲಿ ಬದುಕುವ ಎಲ್ಲರದೂ ಆಗಿರುವುದರಿಂದ ಈ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಮೊದಲು ಹೆಸರಿನ ವಿಚಾರ. ಆ ಶಿಖರದ ಬುಡದಲ್ಲಿರುವ ಓವೆನ್ಸ್ ಕಣಿವೆಯ ಮೂಲನಿವಾಸಿಗಳಾದ ಪೈಯೂಟ್ ಜನರು ಅದಕ್ಕೆ ತಮ್ಮದೇ ಹೆಸರನ್ನು ಇಟ್ಟಿದ್ದರು. 1864ರಲ್ಲಿ ಕ್ಯಾಲಿಫೋರ್ನಿಯಾದ ಭೂಗರ್ಭ ಸಮೀಕ್ಷೆಯ ತಂಡ ಅದನ್ನು ದೂರದಿಂದ ಕಂಡು, ತನ್ನ ಮುಖ್ಯಸ್ಥ ಜೊಸಾಯ ವಿಟ್ನಿಯವರ ಹೆಸರನ್ನು ಅದಕ್ಕೆ ಕೊಟ್ಟಿತು. ತಂಡದ ಯುವ ಸದಸ್ಯ ಕ್ಲಾರೆನ್ಸ್ ಕಿಂಗ್ ಅದೇ ವರ್ಷ ಶಿಖರವನ್ನು ಏರಲು ಯತ್ನಿಸಿ ವಿಫಲರಾದರು. 1871ರಲ್ಲಿ ಮರಳಿ ಬಂದು, ಮೋಡ ಮುಸುಕಿದ ದಿನ ಒಂದು ಶಿಖರವನ್ನೇರಿ, ಅದೇ ಮೌಂಟ್ ವಿಟ್ನಿ ಎಂದು ಸಾರಿದರು. ಎರಡು ವರ್ಷ ಲೋಕ ಅದನ್ನೇ ನಂಬಿತು. 1873ರ ಜುಲೈಯಲ್ಲಿ ಇಬ್ಬರು ಸವಾರರು ಅದೇ ಶಿಖರದ ತುದಿಗೆ ಹೋಗಿ ನೋಡಿದಾಗ, ಕೆಲವು ಮೈಲಿಗಳಾಚೆ ಅದಕ್ಕಿಂತ ಎತ್ತರದ ಇನ್ನೊಂದು ಶಿಖರ ನಿಂತಿತ್ತು! ಕಿಂಗ್ ಏರಿದ್ದು ಇಂದು ಮೌಂಟ್ ಲ್ಯಾಂಗ್ಲಿ ಎನಿಸಿಕೊಂಡಿರುವ ಬೇರೆಯೇ ಬೆಟ್ಟವಾಗಿತ್ತು.

ಸುದ್ದಿ ತಿಳಿದ ಕಿಂಗ್ ಧಾವಿಸಿ ಬಂದು ಸೆಪ್ಟೆಂಬರ್ 19ರಂದು ನಿಜವಾದ ಶಿಖರವನ್ನು ಮುಟ್ಟಿದರು. ಅಷ್ಟರಲ್ಲಿ ತಡವಾಗಿತ್ತು. ಕಣಿವೆಯ ಲೋನ್ ಪೈನ್ ಊರಿನ ಮೂವರು, ಮೀನು ಹಿಡಿಯಲೆಂದು ಬೆಟ್ಟಕ್ಕೆ ಹೋಗಿದ್ದವರು, ಆಗಸ್ಟ್ 18ರಂದೇ ಅದರ ತುದಿಯಲ್ಲಿ ನಿಂತು ಬಂದಿದ್ದರು. ನಕ್ಷೆ ಬರೆದವರಿಗೆ ಒಂಬತ್ತು ವರ್ಷ ಸಿಗದಿದ್ದ ಶಿಖರ, ಬುಡದ ಊರಿನವರಿಗೆ ಒಂದು ಪ್ರವಾಸದಲ್ಲಿ ಸಿಕ್ಕಿತು.

ಇನ್ನು ಮ್ಯೂರ್ ಅವರ ವಿಚಾರ. 1838ರಲ್ಲಿ ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯೊಡನೆ ಅಮೆರಿಕಕ್ಕೆ ಬಂದ ಮ್ಯೂರ್, 1868ರಲ್ಲಿ ಕ್ಯಾಲಿಫೋರ್ನಿಯಾ ತಲುಪಿದರು. ಮರುವರ್ಷ ಬೇಸಿಗೆಯಲ್ಲಿ ಕುರಿಮಂದೆಯ ಹಿಂದೆ ಯೊಸೆಮಿಟಿಯ ಮೇಲಣ ಬೆಟ್ಟಗಳಿಗೆ ಹೋದರು. ಬಳಿಕ ಅಲ್ಲಿಯ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದರು. ಬಿಡುವಿನಲ್ಲೆಲ್ಲ ಬಂಡೆಗಳನ್ನು ನೋಡುತ್ತ ಅಲೆದರು. ಬಂಡೆಗಳ ಮೇಲಿನ ಸಮಾನಾಂತರ ಗೀರುಗಳು, ಕನ್ನಡಿಯಂಥ ನುಣುಪು, ಕಣಿವೆಯ ಬಾಯಲ್ಲಿ ಒಟ್ಟಿಕೊಂಡ ಕಲ್ಲುಮಣ್ಣಿನ ದಿಬ್ಬಗಳು ಒಂದೇ ಮಾತನ್ನು ಹೇಳುತ್ತಿದ್ದವು: ಈ ಕಣಿವೆಯನ್ನು ಕೊರೆದದ್ದು ಹಿಮನದಿ, ಅಂದರೆ ತನ್ನದೇ ಭಾರದಿಂದ ನಿಧಾನವಾಗಿ ಕೆಳಗೆ ಸರಿಯುವ ಮಂಜುಗಡ್ಡೆಯ ಬೃಹತ್ ರಾಶಿ.

ಜೊಸಾಯ ವಿಟ್ನಿಯವರ ಅಭಿಪ್ರಾಯ ಬೇರೆಯಾಗಿತ್ತು. ಯಾವುದೋ ಪ್ರಾಚೀನ ಉತ್ಪಾತದಲ್ಲಿ ನೆಲವೇ ಕುಸಿದು ಯೊಸೆಮಿಟಿ ಕಣಿವೆ ಉಂಟಾಯಿತೆಂದು ಅವರು ಬರೆದಿದ್ದರು. ಹಿಮನದಿಯ ವಾದವನ್ನು ಕುರಿಗಾಹಿಯೊಬ್ಬನ ಮಾತೆಂದು ತಳ್ಳಿಹಾಕಿದರು.

ಮ್ಯೂರ್ ಈ ತಿರಸ್ಕಾರಕ್ಕೆ ಕೋಪದಿಂದ ಉತ್ತರಿಸಲಿಲ್ಲ. 1871ರ ಶರತ್ಕಾಲದಲ್ಲಿ ಎತ್ತರದ ಬೆಟ್ಟಗಳ ಮಡಿಲಲ್ಲಿ ಇನ್ನೂ ಜೀವಂತವಾಗಿದ್ದ ಒಂದು ಹಿಮನದಿಯನ್ನು ಅವರು ಪತ್ತೆಹಚ್ಚಿದರು. ಅದು ಬರಿಯ ಹಿಮದ ಗುಡ್ಡೆ ಎಂದು ಹೇಳುವವರಿದ್ದರು. 1872ರ ಆಗಸ್ಟ್ 21ರಂದು ಮಕ್ಲೂರ್ ಹಿಮನದಿಯ ಮೇಲೆ ಮ್ಯೂರ್ ಅಡ್ಡಸಾಲಿನಲ್ಲಿ ಗೂಟಗಳನ್ನು ನೆಟ್ಟರು. ಸಾಲು ನೇರವಾಗಿದೆಯೇ ಎಂದು ನೋಡಲು ಬಳಸಿದ ಉಪಕರಣ, ಕುದುರೆಯ ಕಪ್ಪು ಕೂದಲಿಗೆ ಕಲ್ಲು ಕಟ್ಟಿ ಮಾಡಿಕೊಂಡ ತೂಗುಗುಂಡು. 46 ದಿನಗಳ ನಂತರ ಹೋಗಿ ಅಳೆದಾಗ ದಂಡೆಯ ಬಳಿಯ ಗೂಟ 11 ಅಂಗುಲ ಸರಿದಿತ್ತು. ನಡುವಿನ ಕಡೆಯ ಗೂಟ 47 ಅಂಗುಲ. ಹೊಳೆಯಲ್ಲಿ ದಂಡೆಯ ನೀರು ನಿಧಾನ, ನಡುನೀರು ವೇಗ ಎಂಬುದನ್ನು ನೀವೆಲ್ಲ ಬಲ್ಲಿರಿ. ಮಂಜುಗಡ್ಡೆಯೂ ಹಾಗೆಯೇ ಹರಿಯುತ್ತಿತ್ತು. ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಮ್ಯೂರ್ ಎಲ್ಲವನ್ನೂ ಹಿಮನದಿಗೇ ಆರೋಪಿಸಿದ್ದು ಅತಿಯಾಯಿತು, ನದಿಯ ಕೊರೆತಕ್ಕೂ ಅದರಲ್ಲಿ ದೊಡ್ಡ ಪಾಲಿದೆ ಎಂದು ಇಪ್ಪತ್ತನೆಯ ಶತಮಾನದ ಸಮೀಕ್ಷೆಗಳು ತಿದ್ದಿದವು. ಆದರೆ ಕುಸಿತದ ವಾದಕ್ಕಿಂತ ಕುರಿಗಾಹಿಯ ಮಾತೇ ಸತ್ಯಕ್ಕೆ ಹತ್ತಿರವಾಗಿತ್ತು.

ಹೀಗೆ ತಮ್ಮನ್ನು ಹೀಗಳೆದವರ ಹೆಸರನ್ನೇ ಹೊತ್ತ ಬೆಟ್ಟದ ಬುಡಕ್ಕೆ ಮ್ಯೂರ್ 1873ರ ಅಕ್ಟೋಬರಿನಲ್ಲಿ ಬಂದರು.

ಆ ಬೆಟ್ಟದ ರಚನೆಯನ್ನು ತಿಳಿದರೆ ಅವರ ದಾರಿ ಏಕೆ ಅಸಾಮಾನ್ಯವೆಂಬುದು ಸ್ಪಷ್ಟವಾಗುತ್ತದೆ. ಸಿಯೆರ್ರಾ ನೆವಾಡಾ ಎಂಬುದು ಒಂದು ಬದಿಗೆ ವಾಲಿದ ಮಹಾಶಿಲೆಯಂತಿದೆ. ಪಶ್ಚಿಮದ ಇಳಿಜಾರು ಹತ್ತಾರು ಮೈಲಿಗಳಷ್ಟು ದೀರ್ಘ, ಸೌಮ್ಯ. ಪೂರ್ವದಲ್ಲಿ ಭೂಮಿಯ ಬಿರುಕಿನುದ್ದಕ್ಕೂ ಬೆಟ್ಟ ಮೇಲೆದ್ದು ಕಣಿವೆ ಕೆಳಗಿಳಿದು ಗೋಡೆಯೇ ಆಗಿದೆ. 1872ರ ಮಾರ್ಚ್ 26ರಂದು ಇದೇ ಬಿರುಕಿನ ಸೀಮೆ ಕದಲಿ, ಲೋನ್ ಪೈನ್ ಊರು ನೆಲಸಮವಾಯಿತು; 27 ಮಂದಿ ಅಸುನೀಗಿದರು. ಆದ್ದರಿಂದ ಶಿಖರಕ್ಕೆ ಹೋಗುವವರು ಬಳಸಿಕೊಂಡು ಹೋಗಿ ದಕ್ಷಿಣ ಪಶ್ಚಿಮಗಳ ಹಿಂಬದಿಯಿಂದ ಏರುತ್ತಿದ್ದರು. ಪೂರ್ವದ ಗೋಡೆಯತ್ತ ಯಾರೂ ಮುಖ ಮಾಡಿರಲಿಲ್ಲ.

ಮ್ಯೂರ್ ಸಹ ಮೊದಲ ಸಲ ಹಿಂಬದಿಯಿಂದಲೇ ಹೋದರು. ಕಿಂಗ್ ಮೋಸಹೋಗಿದ್ದ ಶಿಖರವನ್ನು ಏರಿ, ನಿಜವಾದ ಶಿಖರವನ್ನು ಕಂಡು, ಅದರತ್ತ ನಡೆದರು. ಸಂಜೆಯಾಯಿತು. ಶಿಖರದ ಮಗ್ಗುಲಲ್ಲಿ ಸೂಜಿಗಳಂತೆ ನಿಂತ ಕೋಡುಗಲ್ಲುಗಳ ನಡುವೆ, ಸುಮಾರು 14,000 ಅಡಿ ಎತ್ತರದಲ್ಲಿ ರಾತ್ರಿ ಕವಿಯಿತು. ಹಾಸಿಗೆ ಹೊದಿಕೆಯಿಲ್ಲ. ಮಲಗಿದರೆ ಮತ್ತೆ ಏಳುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ರಾತ್ರಿಯಿಡೀ ಕೈಕಾಲು ಆಡಿಸುತ್ತ, ಕುಣಿಯುತ್ತ ಜೀವ ಉಳಿಸಿಕೊಂಡರು. ಬೆಳಗಾದಾಗ ತುದಿ ಕೈಗೆಟುಕುವಂತಿತ್ತು. ಉಳಿದದ್ದು ಸುಮಾರು 500 ಅಡಿ ಮಾತ್ರ. ಆದರೆ ಹಸಿವಿನಿಂದಲೂ ನಿದ್ದೆಗೇಡಿನಿಂದಲೂ ದೇಹ ಸೋತಿತ್ತು. ಮ್ಯೂರ್ ಹಿಂತಿರುಗಿದರು.

ವಿದ್ಯಾರ್ಥಿ ಮಿತ್ರರು ಈ ಮಾತನ್ನು ಗಮನಿಸಬೇಕು. ಇಡೀ ಕಥೆಯಲ್ಲಿ ಅತ್ಯಂತ ಕಠಿಣವಾದ ಹೆಜ್ಜೆ ಇದೇ. ಅದು ಕೆಳಮುಖವಾದ ಹೆಜ್ಜೆ. ಹಿಂದಿನ ವರ್ಷ ಮೌಂಟ್ ರಿಟ್ಟರ್ ಶಿಖರವನ್ನು ಒಬ್ಬಂಟಿಯಾಗಿ ಏರುವಾಗ, ಬಂಡೆಯ ನಡುವೆ ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ಕೈಕಾಲು ಚಾಚಿ ಅಂಟಿಕೊಂಡ ಗಳಿಗೆಯನ್ನು ಅವರು ಅನುಭವಿಸಿದ್ದರು. ಅಂದು ಬದುಕಿ ಬಂದವರು ಇಂದು ಹಿಂದಿರುಗಲು ನಾಚಲಿಲ್ಲ.

ಇಂಡಿಪೆಂಡೆನ್ಸ್ ಎಂಬ ಊರಿಗೆ ಇಳಿದು, ಉಂಡು, ಒಂದು ದಿನ ನಿದ್ರಿಸಿ, ಅಕ್ಟೋಬರ್ 19ರಂದು ಮ್ಯೂರ್ ಕಾಲ್ನಡಿಗೆಯಲ್ಲಿ ಮತ್ತೆ ಹೊರಟರು. ಈ ಸಲ ನೇರವಾಗಿ ಪೂರ್ವದ ಗೋಡೆಯತ್ತ. ಊರು ಸುಮಾರು 3,900 ಅಡಿ ಎತ್ತರದಲ್ಲಿದೆ. ಶಿಖರ ಇಂದಿನ ಅಳತೆಯಂತೆ 14,505 ಅಡಿ. ಹತ್ತು ಸಾವಿರ ಅಡಿಗಳಿಗೂ ಮೀರಿದ ಏರು. ಅವರು ಆರಿಸಿಕೊಂಡ ದಾರಿ ಲೋನ್ ಪೈನ್ ಹಳ್ಳದ ಉತ್ತರದ ಕವಲು. ಅಂದರೆ ಶಿಖರದ ಹಿಮ ಕರಗಿ ಇಳಿಯುವ ದಾರಿಯನ್ನೇ ಅವರು ತಿರುವುಮುರುವಾಗಿ ಹಿಡಿದರು.

ಆ ದಾರಿ ಇಂದಿಗೂ ಹಾಗೆಯೇ ಇದೆ. ಮೊದಲು ಒಣಕುರುಚಲಿನ ಬಯಲು. ನಂತರ ಪೊದೆಗಳು ಕಿಕ್ಕಿರಿದ ಇಕ್ಕಟ್ಟಾದ ಕೊರಕಲು. ಹಳ್ಳದ ಒಂದು ಬದಿಯಲ್ಲಿ ನಡೆಯಲಾಗದೆ ಇನ್ನೊಂದಕ್ಕೆ ದಾಟಬೇಕು, ಬಂಡೆಯ ಅಂಚುಗಳ ಮೇಲೆ ಜಾಗರೂಕತೆಯಿಂದ ಸರಿಯಬೇಕು. ಆಮೇಲೆ ಮೆಟ್ಟಿಲುಗಳಂತೆ ಒಂದರ ಮೇಲೊಂದು ಪುಟ್ಟ ಸರೋವರಗಳು. ಅಲ್ಲಿಗೆ ಮರಗಳು ಮುಗಿದು ಬರಿಯ ಕಲ್ಲು ಉಳಿಯುತ್ತದೆ. ಸುಮಾರು 12,600 ಅಡಿಯಲ್ಲಿ ಕಡೆಯ ಸರೋವರ. ಅದರ ನೆತ್ತಿಯ ಮೇಲೆ ವಿಟ್ನಿಯ ಪೂರ್ವದ ಬಂಡೆ ಲಂಬವಾಗಿ ನಿಂತಿದೆ. ನೋಡಿದವರಿಗೆ ದಾರಿ ಮುಗಿಯಿತೆನಿಸುತ್ತದೆ. ಆದರೆ ಬಂಡೆಯ ಬಲಮಗ್ಗುಲಲ್ಲಿ ಸಡಿಲ ಕಲ್ಲುಗಳಿಂದ ತುಂಬಿದ ಕಡಿದಾದ ಕೊರಕಲೊಂದು ಮೇಲೇರುತ್ತದೆ. ಅದರ ತುದಿಯಲ್ಲಿ ಒಂದು ಕಂಡಿ. ಕಂಡಿಯಿಂದ ಉತ್ತರದ ಬದಿಗೆ ತಿರುಗಿ, ಕೊನೆಯ ನಾಲ್ಕೈದು ನೂರು ಅಡಿಗಳನ್ನು ಕೈಗಳನ್ನೂ ಊರಿ ಹತ್ತಬೇಕು.

ಎರಡು ರಾತ್ರಿಗಳನ್ನು ಬಯಲಲ್ಲಿ ಕಳೆದು, ಮೂರನೆಯ ಬೆಳಿಗ್ಗೆ ಎಂಟಕ್ಕೆ ಮ್ಯೂರ್ ತುದಿಯಲ್ಲಿದ್ದರು. ಅಸಾಧ್ಯವೆನಿಸಿದ್ದ ಗೋಡೆಯಲ್ಲಿ ದಾರಿಯಿದೆ ಎಂಬುದನ್ನು ಅವರಿಗೆ ತೋರಿಸಿದ್ದು ಧೈರ್ಯವೊಂದೇ ಅಲ್ಲ. ಹಿಮ ಮತ್ತು ನೀರು ಬಂಡೆಯನ್ನು ಎಲ್ಲಿ ಕೊರೆಯುತ್ತವೆ ಎಂಬ ಐದು ವರ್ಷಗಳ ಅಭ್ಯಾಸ. ಇಂದು ಆ ದಾರಿಗೆ ‘ಮೌಂಟೆನಿಯರ್ಸ್ ರೂಟ್’ ಎಂಬ ಹೆಸರಿದೆ. 1904ರಲ್ಲಿ ಬೇರೆ ಬದಿಯಿಂದ ನಿರ್ಮಿಸಿದ ಕಾಲುದಾರಿಯಲ್ಲಿ ಹೆಚ್ಚಿನವರು ಏರುತ್ತಾರೆ. ಮ್ಯೂರ್ ಅವರ ದಾರಿಯಲ್ಲಿ ಅನುಭವಿಗಳೂ ಬಿದ್ದು ಸತ್ತಿದ್ದಾರೆ. ಹಾಗಾಗಿ ಒಬ್ಬಂಟಿಯಾಗಿ ಹೋಗುವುದನ್ನು ಯಾರೂ ಈ ಕಥೆಯಿಂದ ಕಲಿಯಬಾರದು. ಕಲಿಯಬೇಕಾದದ್ದು ನೋಡುವ ಕ್ರಮವನ್ನು, ಮತ್ತು ಹಿಂತಿರುಗುವ ವಿವೇಕವನ್ನು.

ಆ ಬೆಳಿಗ್ಗೆ ಶಿಖರದ ಕೆಳಗೆ, ಪೂರ್ವದಲ್ಲಿ, ಓವೆನ್ಸ್ ಸರೋವರವಿತ್ತು. ಬೆಟ್ಟದ ಹಿಮವೇ ಅದರ ಮೂಲ. ಬೆಳ್ಳಿಯ ಗಟ್ಟಿಗಳನ್ನು ಹೊತ್ತ ಉಗಿದೋಣಿ ಓಡಾಡುವಷ್ಟು ವಿಶಾಲವಾದ ಜಲರಾಶಿ. 1913ರಲ್ಲಿ ಇನ್ನೂರಕ್ಕೂ ಹೆಚ್ಚು ಮೈಲಿ ದೂರದ ಲಾಸ್ ಏಂಜಲಿಸ್ ನಗರಕ್ಕೆ ಕಾಲುವೆ ತೆರೆಯಿತು. 1920ರ ದಶಕ ಮುಗಿಯುವ ಮೊದಲೇ ಸರೋವರ ಬಹುತೇಕ ಬತ್ತಿ, ಅದರ ತಳದ ಉಪ್ಪುಧೂಳು ಕಣಿವೆಯವರ ಶ್ವಾಸಕೋಶಗಳನ್ನು ಸೇರತೊಡಗಿತು. ಆ ಧೂಳನ್ನು ಅಡಗಿಸಲು ಅದೇ ನಗರ ಈ ಶತಮಾನದಲ್ಲಿ ಭಾರೀ ಹಣ ಸುರಿಯಬೇಕಾಯಿತು. ಅದೇ 1913ರ ಡಿಸೆಂಬರಿನಲ್ಲಿ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಗಿನ ಹೆಚ್ ಹೆಚಿ ಕಣಿವೆಯನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿಗಾಗಿ ಮುಳುಗಿಸಲು ಕಾನೂನು ಬಂದಿತು. 1892ರಲ್ಲಿ ಸಿಯೆರ್ರಾ ಕ್ಲಬ್ ಎಂಬ ಸಂಘಟನೆಯನ್ನು ಕಟ್ಟಿದ್ದ ಮ್ಯೂರ್ ಆ ಅಣೆಕಟ್ಟಿನ ವಿರುದ್ಧ ವರ್ಷಗಟ್ಟಲೆ ಹೋರಾಡಿ ಸೋತಿದ್ದರು. ಮರುವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಅವರಲ್ಲಿ ಕೊರತೆಯೂ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಮನುಷ್ಯರಿಲ್ಲದ ಪರಿಶುದ್ಧ ಕಾಡೆಂದು ಅವರು ಕೊಂಡಾಡಿದ ನೆಲದಲ್ಲಿ ಮೂಲನಿವಾಸಿಗಳು ತಲೆಮಾರುಗಳಿಂದ ಬಾಳಿದ್ದರು. ಮ್ಯೂರ್ ಹೊರಟ ಊರಿಗೆ ಇಂಡಿಪೆಂಡೆನ್ಸ್ ಎಂಬ ಹೆಸರು ಬಂದದ್ದು ಅಲ್ಲಿದ್ದ ಸೈನಿಕ ಶಿಬಿರದಿಂದ. ಆ ಕಣಿವೆಯ ಪೈಯೂಟ್ ಜನರನ್ನು 1863ರಲ್ಲಿ ಸೈನಿಕರು ದೂರಕ್ಕೆ ಅಟ್ಟಿಕೊಂಡು ಹೋಗಿದ್ದರು. ಆ ಜನರ ಬಗ್ಗೆ ಮ್ಯೂರ್ ತಮ್ಮ ಆರಂಭದ ಬರಹಗಳಲ್ಲಿ ಕೀಳಾಗಿ ಬರೆದದ್ದನ್ನು 2020ರಲ್ಲಿ ಸಿಯೆರ್ರಾ ಕ್ಲಬ್ಬೇ ಬಹಿರಂಗವಾಗಿ ಒಪ್ಪಿಕೊಂಡಿತು. ಬಂಡೆಯ ಗೀರನ್ನು ಓದಿದ ಕಣ್ಣಿಗೆ ಮನುಷ್ಯರ ಹೆಜ್ಜೆಗುರುತು ಕಾಣಲಿಲ್ಲ. ಬೆಟ್ಟವನ್ನು ಉಳಿಸಬೇಕೆನ್ನುವವರು ಅದರಲ್ಲಿ ಬಾಳುವವರನ್ನು ಮರೆತರೆ ಆಗುವ ತಪ್ಪು ಇದು.

ಕೊನೆಯದಾಗಿ ಮತ್ತೆ ಆ ಗೂಟಗಳ ಮಾತು. 2013ರಲ್ಲಿ ಯೊಸೆಮಿಟಿಯ ವಿಜ್ಞಾನಿಗಳು ತಮ್ಮ ಹಲವು ವರ್ಷಗಳ ಅಳತೆಯ ಫಲಿತಾಂಶವನ್ನು ಪ್ರಕಟಿಸಿದರು. ಮಕ್ಲೂರ್ ಹಿಮನದಿ ಕುಗ್ಗಿ ತೆಳುವಾಗಿದ್ದರೂ ಮ್ಯೂರ್ ಕಂಡಂತೆಯೇ ದಿನಕ್ಕೆ ಸುಮಾರು ಒಂದು ಅಂಗುಲ ಸರಿಯುತ್ತಿತ್ತು. ನೆರೆಯ ಲೈಯೆಲ್ ಹಿಮನದಿ ಚಲನೆಯನ್ನೇ ನಿಲ್ಲಿಸಿತ್ತು. ಬಿಸಿಯೇರುತ್ತಿರುವ ಭೂಮಿಯಲ್ಲಿ ಏನು ಬದಲಾಯಿತು, ಏನು ಉಳಿಯಿತು ಎಂದು ಹೋಲಿಸಿ ನೋಡಲು ಸಾಧ್ಯವಾದದ್ದು, ನೂರ ನಲವತ್ತು ವರ್ಷಗಳ ಹಿಂದೆ ಕುರಿಗಾಹಿಯೊಬ್ಬರು ಕುದುರೆಕೂದಲಿಗೆ ಕಲ್ಲು ಕಟ್ಟಿ ಅಳೆದು, ದಿನಾಂಕ ಸಹಿತ ಬರೆದಿಟ್ಟಿದ್ದರಿಂದ.

ಮಲೆನಾಡಿನಲ್ಲಿ ಹಿಮನದಿಗಳಿಲ್ಲ. ಆದರೆ ನಿಮ್ಮ ಮನೆಯ ಮೇಲಿನ ಒರತೆ ಯಾವ ತಿಂಗಳಲ್ಲಿ ಬತ್ತುತ್ತದೆ, ಹಳ್ಳದ ನೀರು ಯಾವ ಕಲ್ಲಿನವರೆಗೆ ಬರುತ್ತದೆ, ಮಳೆ ಸುರಿದಾಗ ಗುಡ್ಡದ ಯಾವ ಮಗ್ಗುಲು ಬಿರುಕು ಬಿಡುತ್ತದೆ ಎಂಬುದು ನಿಮಗಲ್ಲದೆ ಇನ್ನಾರಿಗೆ ತಿಳಿದೀತು? ಗೊತ್ತಿದ್ದರಷ್ಟೇ ಸಾಲದು. ಹಿರಿಯರು ನೆನಪಿನಿಂದ ಹೇಳಲಿ, ಮಕ್ಕಳು ಗೂಟ ನೆಟ್ಟು, ಅಳೆದು, ದಿನಾಂಕ ಹಾಕಿ ನೋಟುಪುಸ್ತಕದಲ್ಲಿ ಬರೆಯಲಿ. ನಾಳೆ ದೊಡ್ಡ ಹೆಸರಿನವರು ನಕ್ಷೆ ಹಿಡಿದು ಬಂದು, ಈ ಬೆಟ್ಟದ ವಿಷಯ ನಿಮಗೇನು ಗೊತ್ತು ಎಂದು ಕೇಳಿದಾಗ, ಆ ಪುಸ್ತಕವನ್ನು ಅವರ ಮುಂದೆ ತೆರೆದು ಇಡಲು ಸಾಧ್ಯವಾಗಲಿ.