ಕೂಸು ಯಾರ ಹತ್ತಿರ?

ಕ್ರೀಡೆಗಳಲ್ಲೆಲ್ಲ ಅತ್ಯಂತ ಕಡಿಮೆ ಖರ್ಚಿನದು ಓಟ ಎಂದು ಹೇಳುವುದುಂಟು. ಅದಕ್ಕೆ ದಾಂಡು ಬೇಡ, ಚೆಂಡು ಬೇಡ, ಬಲೆ ಬೇಡ, ಎದುರಾಳಿಯೂ ಬೇಡ. ಒಂದು ಜೊತೆ ಷೂ, ಒಂದಿಷ್ಟು ದಾರಿ, ಎರಡು ಗಟ್ಟಿ ಕಾಲು ಇದ್ದರೆ ಸಾಕು. ಮಾತು ನಿಜ. ಆದರೆ ಮನೆಯಲ್ಲಿ ಎಳೆಯ ಮಗುವಿರುವವರ ಪಾಲಿಗೆ ಈ ಲೆಕ್ಕ ಪೂರ್ತಿಯಾದುದಲ್ಲ. ಅವರಿಗೆ ಅಂಗಡಿಯಲ್ಲಿ ದೊರೆಯದ ಇನ್ನೊಂದು ವಸ್ತು ಬೇಕು: ತಾವು ಹಿಂದಿರುಗುವ ತನಕ ಮಗುವನ್ನು ಎತ್ತಿಕೊಂಡಿರುವ ಇನ್ನೊಬ್ಬರ ತೋಳು. ಓಟದ ಅಭ್ಯಾಸವನ್ನೂ ಮಕ್ಕಳ ಲಾಲನೆಯನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವ ಬಗೆ ಯಾವುದು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದು ಪದಕ ಗೆದ್ದವರ ಮಾತಲ್ಲ. ಬೆಳಿಗ್ಗೆ ಓಡಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬಸ್ಸು ಹಿಡಿಯುವ ಒಬ್ಬ ತಾಯಿಯ ಮಾತು.

ನನ್ನ ಮನೆ ಚಾಮರಾಜನಗರದಲ್ಲಿ. ಪಾಠ ಹೇಳುವ ಕೆಲಸ ಗುಂಡ್ಲುಪೇಟೆಯಲ್ಲಿ. ತೆರಕಣಾಂಬಿಯ ಮೇಲೆ ಹಾಯುವ ಆ ದಾರಿ ಮ್ಯಾರಥಾನ್ ಓಟದ 42.195 ಕಿಲೋಮೀಟರಿಗಿಂತ ಕೆಲವೇ ಕಿಲೋಮೀಟರು ಕಡಿಮೆ. ಅರಿಸಿನ, ಬಾಳೆ, ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಬಸ್ಸಿನ ಕಿಟಕಿಯಲ್ಲಿ ಒಂದಾದ ಮೇಲೊಂದರಂತೆ ಹಿಂದೆ ಸರಿಯುವಾಗ, ಇಷ್ಟು ದೂರವನ್ನು ಜನ ಕಾಲಿನಲ್ಲೇ ಓಡಿ ಮುಗಿಸುತ್ತಾರಲ್ಲ ಎಂದು ಈಗಲೂ ನನಗೆ ಬೆರಗಾಗುತ್ತದೆ.

ದೊಡ್ಡ ಊರುಗಳ ಓಟಗಾರರು ಕೊಡುವ ಮೊದಲ ಬುದ್ಧಿವಾದವೆಂದರೆ, ಮಕ್ಕಳು ಏಳುವ ಮೊದಲೇ ಎದ್ದು ಓಡಿಬಿಡಿ ಎಂಬುದು. ನಮ್ಮ ಕಡೆ ಅದು ಅಷ್ಟು ಸುಲಭವಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ತೆಂಕಣ ಅಂಚೆಲ್ಲ ಬಂಡೀಪುರದ ಕಾಡು. ರಾತ್ರಿ ಹೊಲಕ್ಕಿಳಿದ ಆನೆ, ಕಾಡುಹಂದಿಗಳು ಬೆಳಕು ಹರಿಯುವ ಹೊತ್ತಿಗೆ ಕಾಡಿಗೆ ಮರಳುತ್ತವೆ. ಆ ಹೊತ್ತಿನಲ್ಲಿ ಕಾಡಂಚಿನ ರಸ್ತೆಯಲ್ಲಿ ಒಬ್ಬರೇ ಓಡುವುದು ಸಾಹಸವಲ್ಲ, ಅವಿವೇಕ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳ ಓಡಾಟಕ್ಕೆ 2009ರಲ್ಲಿ ನಿರ್ಬಂಧ ಬಂದಿತು. ವನ್ಯಜೀವಿಗಳಿಗೆ ಅದರಿಂದ ಉಪಕಾರವಾಯಿತು. ಆದರೆ ಆರು ಗಂಟೆಗೆ ಗೇಟು ತೆರೆದೊಡನೆ, ಕಾದು ನಿಂತಿದ್ದ ಲಾರಿಗಳ ಸಾಲು ಒಮ್ಮೆಗೇ ಹೊರಡುತ್ತದೆ. ಕತ್ತಲಿರುವಾಗ ಆನೆ, ಬೆಳಕಾದಾಗ ಲಾರಿ. ಇವೆರಡರ ನಡುವೆ ನಮ್ಮ ಪಾಲಿಗೆ ಉಳಿಯುವುದು ಊರೊಳಗಿನ ಮೈದಾನ, ಅದೂ ಮುಕ್ಕಾಲು ಗಂಟೆ. ಅದು ಹಾಲು ಕರೆದು ಡೈರಿಗೆ ಹಾಕುವ ಹೊತ್ತು, ನಲ್ಲಿಯಲ್ಲಿ ನೀರು ಬರುವ ಹೊತ್ತು, ಒಲೆ ಹೊತ್ತಿಸುವ ಹೊತ್ತು. ಮಗು ಎಚ್ಚರಗೊಂಡು ಅಮ್ಮನನ್ನು ಹುಡುಕುವ ಹೊತ್ತೂ ಅದೇ.

ಹೀಗೆ ಮೈದಾನಕ್ಕೆ ಹೋದ ಹೆಂಗಸನ್ನು ಎದುರಾದವರು ಸುಮ್ಮನೆ ಬಿಡುವುದಿಲ್ಲ. ‘ಯಾಕವ್ವ ಹಿಂಗ್ ಓಡ್ದಯಿ, ಆನಗೀನ ಅಟ್ಟುಸ್ಕಂಡು ಬಂದದಾ?’ ಎಂಬುದು ತಮಾಷೆಯ ಮಾತು. ಅದಕ್ಕೆ ನಕ್ಕು ಮುಂದೆ ಹೋಗಬಹುದು. ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ ತಮಾಷೆಯದಲ್ಲ: ‘ಕೂಸ ಯಾರ್ ತವ ಬುಟ್ಟು ಬಂದಯಿ?’ ನನ್ನ ಯಜಮಾನರೂ ಅದೇ ಮೈದಾನದಲ್ಲಿ ಓಡುತ್ತಾರೆ. ಅವರನ್ನು ಕಂಡವರು ಕೇಳುವುದು, ‘ಎಷ್ಟು ಸುತ್ತಾಯ್ತು, ಸಾರ್?’ ಎಂದು. ಮಕ್ಕಳು ಇಬ್ಬರಿಗೂ ಸೇರಿದವರು; ಪ್ರಶ್ನೆ ಮಾತ್ರ ಒಬ್ಬರಿಗೆ.

ಈ ಪ್ರಶ್ನೆಯ ಮೇಲೆ ಕೋಪಗೊಳ್ಳುವುದು ಸುಲಭ. ಆದರೆ ಯೋಚಿಸಿ ನೋಡಿದರೆ ಪ್ರಶ್ನೆಯಲ್ಲಿ ದೋಷವಿಲ್ಲ. ಎಳೆಯ ಮಗುವುಳ್ಳವರು ಯಾರೇ ಓಡಲು ಹೊರಟರೂ, ಆ ಹೊತ್ತಿನಲ್ಲಿ ಮಗು ಯಾರ ಹತ್ತಿರ ಇದೆ ಎಂಬುದೇ ಮೊದಲು ಕೇಳಬೇಕಾದ ಮಾತು. ಅದನ್ನು ಅರ್ಧ ಜನರಿಗೆ ಮಾತ್ರ ಕೇಳುತ್ತೇವೆ, ಕೇಳುವಾಗ ಉತ್ತರ ಬೇಕೆಂದು ಕೇಳದೆ ಆಕ್ಷೇಪಣೆಗಾಗಿ ಕೇಳುತ್ತೇವೆ, ದೋಷವಿರುವುದು ಅಲ್ಲಿ.

ಈ ಪ್ರಶ್ನೆ ನಮ್ಮ ಊರಿಗೆ ಮಾತ್ರ ಸೇರಿದುದೂ ಅಲ್ಲ. 1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡಾಕೂಟ ನಡೆದಾಗ ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್ ಕೋಯೆನ್ ಎಂಬಾಕೆಗೆ 30 ವರ್ಷ. ಎರಡು ಮಕ್ಕಳ ತಾಯಿ. ಯುದ್ಧದ ದೆಸೆಯಿಂದ 1940 ಮತ್ತು 1944ರ ಒಲಿಂಪಿಕ್ ಕೂಟಗಳು ನಡೆದಿರಲಿಲ್ಲ. ಆಕೆಯ ಪ್ರಾಯದ ಒಳ್ಳೆಯ ವರ್ಷಗಳು ಹಾಗೆಯೇ ಕಳೆದುಹೋಗಿದ್ದವು. ಮಕ್ಕಳನ್ನು ಜೊತೆಯಲ್ಲೇ ಕರೆತಂದು, ಮೈದಾನದ ಮರಳಿನಲ್ಲಿ ಆಡಲು ಬಿಟ್ಟು, ಆಕೆ ಅಭ್ಯಾಸ ಮಾಡುತ್ತಿದ್ದಳು. ಮನೆಯಲ್ಲಿ ಕುಳಿತು ಮಕ್ಕಳನ್ನು ನೋಡಿಕೊಳ್ಳಬೇಕಾದವಳಿಗೆ ಈ ಓಟವೇಕೆ ಎಂದು ಬರೆದ ಕಾಗದಗಳು ಅವಳಿಗೆ ಬಂದವು. ಎರಡು ಚಿನ್ನದ ಪದಕ ಗೆದ್ದ ಮೇಲೆ ಮನೆಯ ನೆನಪು ಬಾಧಿಸಿ ಆಕೆ ಹಿಂದಿರುಗಲು ಹವಣಿಸಿದಳು. ಶಿಕ್ಷಕನೂ ಆಗಿದ್ದ ಗಂಡ ಸಮಾಧಾನ ಹೇಳಿ ನಿಲ್ಲಿಸಿದ. ಕೊನೆಗೆ ಗೆದ್ದದ್ದು ನಾಲ್ಕು ಚಿನ್ನ. ಪತ್ರಿಕೆಗಳು ಅವಳಿಗೆ ಕೊಟ್ಟ ಬಿರುದು ‘ಹಾರುವ ಗೃಹಿಣಿ’. ಅದೇ ಕೂಟದಲ್ಲಿ ಗೆದ್ದ ಮಕ್ಕಳೊಂದಿಗರಾದ ಗಂಡಸರನ್ನು ‘ಹಾರುವ ಗೃಹಸ್ಥ’ ಎಂದು ಯಾರೂ ಕರೆದಂತೆ ಕಾಣೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗುಂಡ್ಲುಪೇಟೆಯಿಂದ ಕಾಡು ದಾಟಿ, ಸುಲ್ತಾನ್ ಬತ್ತೇರಿಯ ಮೇಲೆ ಘಟ್ಟವಿಳಿದರೆ ಕಲ್ಲಿಕೋಟೆ. ಆ ಜಿಲ್ಲೆಯ ಪಯ್ಯೋಳಿಯಲ್ಲಿ ಬೆಳೆದವರು ಪಿ. ಟಿ. ಉಷಾ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಅವರಿಗೆ ಕಂಚಿನ ಪದಕ ತಪ್ಪಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. 1992ರಲ್ಲಿ ಅವರಿಗೆ ಮಗ ಹುಟ್ಟಿದ. ಅನಂತರ ಮತ್ತೆ ಅಂಗಣಕ್ಕೆ ಇಳಿದು, 1998ರಲ್ಲಿ ಜಪಾನಿನ ಫುಕುವೋಕದಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ ಕೂಟದಲ್ಲಿ 200 ಮೀಟರಿಗೂ 400 ಮೀಟರಿಗೂ ಕಂಚಿನ ಪದಕ ಪಡೆದರು; 4×100 ರಿಲೆಯಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. ಆಗ ಅವರಿಗೆ 34 ವರ್ಷ. ಕಳೆದುಹೋದ ಪದಕವನ್ನು ನೆನೆಯುವ ನಾವು, ತಾಯಿಯಾದ ಮೇಲೆ ದೊರೆತ ಈ ಪದಕಗಳನ್ನು ಏಕೋ ಅಷ್ಟಾಗಿ ನೆನೆಯುವುದಿಲ್ಲ. ನನಗಂತೂ ಇವೇ ದೊಡ್ಡವು ಎನಿಸುತ್ತವೆ.

ಪದಕದ ಮಾತು ನಮಗೆ ದೂರವಾಯಿತು ಎನ್ನುವವರು ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣಕ್ಕೆ ಒಂದು ಬೆಳಿಗ್ಗೆ ಬರಬೇಕು. ಅಲ್ಲಿ ಓಡುವ ಹೆಣ್ಣುಮಕ್ಕಳಲ್ಲಿ ಹಲವರು ಆರೋಗ್ಯಕ್ಕಾಗಿ ಓಡುವವರಲ್ಲ, ಅನ್ನಕ್ಕಾಗಿ ಓಡುವವರು. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕದ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು. ಹೆಂಗಸರದು ಅಂಗಣದ ಒಂದು ಪೂರ್ಣ ಸುತ್ತು. ಹೆರಿಗೆಯಾಗಿ ವರ್ಷ ಎರಡು ವರ್ಷವಾದವಳಿಗೆ ಅದು ಸುಲಭದ್ದಲ್ಲ, ಆದರೆ ಕ್ರಮವಾಗಿ ಅಭ್ಯಾಸ ಮಾಡಿದರೆ ಅಸಾಧ್ಯವೂ ಅಲ್ಲ. ಕಷ್ಟವಿರುವುದು ಅಭ್ಯಾಸಕ್ಕೆ ಬೇಕಾದ ಹೊತ್ತಿನಲ್ಲಿ. ಮೆಟ್ಟಿಲ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿ ಕುಳಿತಿರುತ್ತಾಳೆ. ಕೂಸು ಅತ್ತಿತೋ, ಅರ್ಧ ಸುತ್ತಿನಲ್ಲಿ ಓಟ ನಿಂತಿತು. ಇಲ್ಲಿ ‘ಕೂಸು ಯಾರ ಹತ್ತಿರ’ ಎಂಬ ಪ್ರಶ್ನೆಯ ಮೇಲೆ ಒಂದು ನೌಕರಿ, ಒಂದು ಸಂಸಾರದ ಮುಂದಿನ ಮೂವತ್ತು ವರ್ಷ ನಿಂತಿರುತ್ತದೆ.

ಹಾಗಾದರೆ ದಾರಿ ಏನು? ಮೊದಲು ಅಭ್ಯಾಸದ ಕಡೆಯಿಂದ ನೋಡೋಣ. ಓಟದ ಶಾಸ್ತ್ರ ನಮ್ಮ ಭಯಕ್ಕಿಂತ ದಯೆಯುಳ್ಳದ್ದು. ದೇಹ ಬಲಗೊಳ್ಳುವುದು ಓಡುವಾಗ ಅಲ್ಲ, ಓಡಿದ ಮೇಲೆ ದೊರೆಯುವ ವಿಶ್ರಾಂತಿಯಲ್ಲಿ. ಆದ್ದರಿಂದ ದಿನ ಬಿಟ್ಟು ದಿನ ಓಡುವುದು ಸೋಮಾರಿತನವಲ್ಲ. ಮಗುವಿಗೆ ಜ್ವರ ಬಂದು ಮೂರು ದಿನ ತಪ್ಪಿದರೆ ಗಳಿಸಿದ್ದು ಹಾಳಾಗುವುದಿಲ್ಲ. ಸುಮಾರು ಎರಡು ವಾರ ಪೂರ್ತಿ ನಿಲ್ಲಿಸಿದಾಗ ಮಾತ್ರ ಕುಂದು ಎದ್ದು ಕಾಣತೊಡಗುತ್ತದೆ. ರಾತ್ರಿಯೆಲ್ಲ ಮಗುವಿನೊಡನೆ ಎಚ್ಚರವಿದ್ದವರು ಬೆಳಿಗ್ಗೆ ಹಟ ಹಿಡಿದು ಓಡುವುದಕ್ಕಿಂತ ಮಲಗುವುದೇ ಅಂದಿನ ಒಳ್ಳೆಯ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಂತೆ, ಬಿರುಸಿನ ವ್ಯಾಯಾಮ ವಾರಕ್ಕೆ ಕನಿಷ್ಠ 75 ನಿಮಿಷ ಇದ್ದರೆ ದೊಡ್ಡವರ ಆರೋಗ್ಯಕ್ಕೆ ಸಾಕು. ಅಂದರೆ ವಾರಕ್ಕೆ ಮೂರು ದಿನ, ದಿನಕ್ಕೆ 25 ನಿಮಿಷ. ನಮ್ಮ ಮುಕ್ಕಾಲು ಗಂಟೆಯಲ್ಲಿ ಇನ್ನೂ ಮಿಗುತ್ತದೆ.

ಬಾಣಂತಿಯರ ವಿಚಾರ ಬೇರೆ. ಹೆರಿಗೆಯಾದ ಮೇಲೆ ಮತ್ತೆ ಓಡಲು ಕನಿಷ್ಠ ಮೂರು ತಿಂಗಳಾದರೂ ಕಾಯಬೇಕೆಂದು ಬ್ರಿಟನ್ನಿನ ಮೂವರು ತಜ್ಞರು 2019ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿ ಹೇಳುತ್ತದೆ. ತವರಿನಲ್ಲಿ ಬಾಣಂತನ ಮಾಡುವ ನಮ್ಮ ಅಜ್ಜಿಯರು ಯಾವ ಮಾರ್ಗಸೂಚಿಯನ್ನೂ ಓದದೆ ಅಷ್ಟೇ ಕಾಲದ ಲೆಕ್ಕವನ್ನು ಇಟ್ಟುಕೊಂಡು ಬಂದವರು. ಆಮೇಲೆಯೂ ಮೊದಲು ನಡಿಗೆ, ಬಳಿಕ ನಡಿಗೆಯ ನಡುವೆ ಓಟ, ಕೊನೆಗೆ ಬರಿಯ ಓಟ. ನೋವಿದ್ದರೆ ವೈದ್ಯರ ಸಲಹೆ ಬೇಕೇ ಬೇಕು.

ಮನೆಗೆಲಸವನ್ನೂ ಅಭ್ಯಾಸವನ್ನೂ ಬೆರೆಸಿದವರೂ ಉಂಟು. 1952ರ ಹೆಲ್ಸಿಂಕಿ ಒಲಿಂಪಿಕ್‌ನಲ್ಲಿ 5000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್, ಸ್ನಾನದ ತೊಟ್ಟಿಯಲ್ಲಿ ಕೊಳೆಬಟ್ಟೆ ನೆನೆಹಾಕಿ ಅದರ ಮೇಲೆ ನಿಂತಲ್ಲೇ ಓಡಿ, ಒಗೆತವನ್ನೂ ಅಭ್ಯಾಸವನ್ನೂ ಒಂದೇ ಬಾರಿಗೆ ಮುಗಿಸಿದನೆಂದು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಅಷ್ಟು ದೊಡ್ಡ ತೊಟ್ಟಿಯಿಲ್ಲ, ಇರಲಿ. 1930ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ‘ಫಾರ್ಟ್‌ಲೆಕ್’ ಎಂಬ ಅಭ್ಯಾಸಕ್ರಮ ನಮಗೆ ಹೆಚ್ಚು ಒಗ್ಗುತ್ತದೆ. ‘ವೇಗದ ಆಟ’ ಎಂದು ಆ ಮಾತಿನ ಅರ್ಥ. ಗಡಿಯಾರದ ಹಂಗಿಲ್ಲದೆ ಒಂದು ಗುರುತಿನಿಂದ ಇನ್ನೊಂದಕ್ಕೆ ಬಿರುಸಾಗಿ, ಮುಂದಿನದಕ್ಕೆ ನಿಧಾನವಾಗಿ ಓಡುವುದು. ಭಾನುವಾರ ಇದಕ್ಕೆ ನನ್ನ ಶಿಕ್ಷಕಿ ಒಂಬತ್ತು ವರ್ಷದ ಮಗಳು. ಮೈದಾನದ ಬೇವಿನ ಮರದ ಕೆಳಗೆ ತಮ್ಮನೊಡನೆ ನಿಂತು, ‘ಅಮ್ಮ, ಆ ಕಂಬದವರೆಗೆ ಜೋರು!’ ಎಂದು ಕೂಗುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ತಾವೇ ಓಡತೊಡಗುತ್ತಾರೆ. ಅವರ ಓಟವನ್ನು ನಾನು ಎಣಿಸುವುದಿಲ್ಲ, ತಿದ್ದುವುದೂ ಇಲ್ಲ. ಮಕ್ಕಳು ದಿನಕ್ಕೆ ಒಂದು ಗಂಟೆಯಷ್ಟು ಮೈ ದಣಿಸಬೇಕು ಎಂದು ಬಲ್ಲವರು ಹೇಳುವುದು ಆಟದ ಮಾತೇ ಹೊರತು ಪಂದ್ಯದ ಮಾತಲ್ಲ.

ಇನ್ನು ಮನೆಯ ಕಡೆಯಿಂದ ನೋಡಬೇಕು. ಇದೇ ಕಷ್ಟದ ಭಾಗ. ಓಡುವವರಿಗೆ ದೊರೆತ ಒಂದು ಗಂಟೆ ಆಕಾಶದಿಂದ ಬಿದ್ದದ್ದಲ್ಲ. ಇನ್ನೊಬ್ಬರ ಕೈಯಿಂದ ಪಡೆದ ಸಾಲ. ಗಂಡ ಓಡುವ ದಿನ ಅದು ಹೆಂಡತಿ ಕೊಟ್ಟದ್ದು. ಹೆಂಡತಿ ಓಡುವ ದಿನ ಗಂಡ ಕೊಟ್ಟದ್ದು. ಬಹಳ ಮನೆಗಳಲ್ಲಿ ಎರಡು ದಿನವೂ ಕೊಡುವವರು ಅತ್ತೆಯೋ ಅಮ್ಮನೋ. ಮಂಡಿನೋವಿನ ಅಜ್ಜಿ ನಾಲ್ಕು ವರ್ಷದ ಹುಡುಗನ ಹಿಂದೆ ಅಂಗಳದಲ್ಲಿ ಓಡುವ ಓಟವನ್ನು ಯಾವ ಗಡಿಯಾರವೂ ಲೆಕ್ಕವಿಡುವುದಿಲ್ಲ. ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ಏರ್ಪಾಡು ಸರಳವಾದುದು: ಮೂರು ದಿನ ನನ್ನವು, ಎರಡು ದಿನ ಅವರವು, ಒಂದು ದಿನ ಮಕ್ಕಳದು, ಒಂದು ದಿನ ಯಾರದೂ ಅಲ್ಲ. ಉಳಿದವರು ಓಡುವ ದಿನ ಮನೆಯಲ್ಲಿರುವವರು ಒಲೆಯನ್ನೂ ಮಕ್ಕಳನ್ನೂ ಪೂರ್ತಿಯಾಗಿ ನೋಡಿಕೊಳ್ಳಬೇಕು. ‘ಸ್ವಲ್ಪ ಸಹಾಯ ಮಾಡಿದೆ’ ಎನ್ನುವಂತಿಲ್ಲ. ಅತ್ತೆಯವರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇವೆ. ಅವರು ತಾವಾಗಿ ಕೊಟ್ಟರೆ ಅದು ಪ್ರೀತಿ. ನಾವು ಎಣಿಸಿಕೊಂಡರೆ ಅದು ದುಡಿಮೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಜೋಡಿಯಾಗಿ ಬಂದು ಹಣ್ಣು ಜವನ ಎಸೆಯುವ ನವದಂಪತಿಗಳನ್ನು ನೋಡುವಾಗಲೆಲ್ಲ ನನಗೆ ಅನಿಸುವುದಿದು: ತೇರಿನ ಮಿಣಿ ಒಂದೇ ಕಡೆಯವರು ಹಿಡಿದರೆ ತೇರು ನೇರವಾಗಿ ಹೋಗದು.

ಮನೆಯ ಹೊರಗೂ ಉತ್ತರ ಹುಡುಕಬೇಕು. 2024ರ ಪ್ಯಾರಿಸ್ ಒಲಿಂಪಿಕ್‌ನ ಕ್ರೀಡಾಗ್ರಾಮದಲ್ಲಿ ಮೊಟ್ಟಮೊದಲ ಬಾರಿಗೆ ಶಿಶುವಿಹಾರವೊಂದನ್ನು ತೆರೆದರು. ಹಾಲೆಂಡಿನ ಆ ತಾಯಿ ಮಕ್ಕಳನ್ನು ಮರಳಿನಲ್ಲಿ ಕೂರಿಸಿ ಓಡಿದ ಕಾಲದಿಂದ ಅಲ್ಲಿಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು. ನಮ್ಮ ರಾಜ್ಯದಲ್ಲಿಯೂ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು 2023ರಿಂದೀಚೆಗೆ ಆರಂಭವಾದವು. ಕೆಲಸಕ್ಕೆ ಹೋಗುವವಳ ಕೂಸಿಗೆ ಒಂದು ನೆರಳು ಬೇಕೆಂದು ಒಪ್ಪಿದ ಮೇಲೆ, ಕೆಲಸ ಪಡೆಯಲು ಓಡುವವಳ ಕೂಸಿಗೂ ಅದು ಬೇಕೆಂಬುದನ್ನು ಒಪ್ಪಲು ಕಷ್ಟವಾಗಬಾರದು. ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಓಟದ ಹೊತ್ತು ಕಳೆದಿರುತ್ತದೆ. ತಾಲ್ಲೂಕಿನ ಮೈದಾನದ ಮೂಲೆಯಲ್ಲಿ ಒಂದು ಚಪ್ಪರ, ಒಂದು ಚಾಪೆ, ಸರದಿಯ ಮೇಲೆ ಕೂರುವ ಇಬ್ಬರು ಇದ್ದರೆ ಸಾಕು. ಇದಕ್ಕೆ ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಅಲ್ಲಿ ಓಡುವವರೇ ಒಬ್ಬೊಬ್ಬರು ಒಂದೊಂದು ದಿನ ಕುಳಿತರೂ ಆದೀತು.

ಆದುದರಿಂದ, ಕೂಸು ಯಾರ ಹತ್ತಿರ ಎಂದು ಕೇಳುವುದನ್ನು ನಾವು ಬಿಡಬೇಕಾಗಿಲ್ಲ. ಷೂ ಕಟ್ಟಿ ಹೊರಟ ತಂದೆಯನ್ನೂ ಕೇಳೋಣ, ತಾಯಿಯನ್ನೂ ಕೇಳೋಣ. ಕೇಳಿದವರು ಉತ್ತರಕ್ಕಾಗಿ ನಿಲ್ಲುವಷ್ಟು ವ್ಯವಧಾನವನ್ನೂ ಇಟ್ಟುಕೊಳ್ಳಲಿ. ಒಂದು ದಿನವಾದರೂ ತಾವೇ ಕೈ ಚಾಚಿ, ‘ನನ್ನ ಹತ್ತಿರ ಇರಲಿ, ನೀನು ಓಡಿ ಬಾ’ ಎಂದರೆ, ಆ ಹಳೆಯ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೊಂದಿಲ್ಲ.