ಅದೇ ಪಾಠ, ಮಗುವಿನ ಅಳತೆಗೆ



ನಮ್ಮ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕಿನ ಕನ್ನಡ ಶಾಲೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತ ಒಂದು ಮಗುವನ್ನು ನೀವೂ ನೋಡಿರಬಹುದು. ಹಾಜರಿ ಪುಸ್ತಕದಲ್ಲಿ ಅದರ ಹೆಸರು ನಾಲ್ಕನೆಯ ಇಯತ್ತೆಯಲ್ಲಿದೆ. ಕೈಯಲ್ಲಿರುವುದು ಮಾತ್ರ ಒಂದನೆಯ ಇಯತ್ತೆಯ ಪುಸ್ತಕ, ಇಲ್ಲವೆ ಬಣ್ಣದ ಕಡ್ಡಿ. ಹೋದ ವರ್ಷವೂ ಅದೇ, ಬರುವ ವರ್ಷವೂ ಅದೇ. ಜನ ಮರಾಠಿಯಲ್ಲಿ ‘ಮತಿಮಂದ’ ಎನ್ನುತ್ತಾರೆ, ಕನ್ನಡದಲ್ಲಿ ‘ಬುದ್ಧಿಮಾಂದ್ಯ’ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಬೌದ್ಧಿಕ ಅಸಾಮರ್ಥ್ಯ ಎಂದು ಕರೆಯುತ್ತದೆ. ಇಂಥ ಮಗುವಿಗೆ ಅದರ ಇಯತ್ತೆಯ ಪಾಠವನ್ನೇ ಕಲಿಸಬಹುದೇ ಎಂಬುದು ಇಂದಿನ ವಿಷಯ.

ಕಲಿಸಬಹುದು, ಕಲಿಸಬೇಕು. ಪಾಠ ಬದಲಾಗಬೇಕಿಲ್ಲ, ಅದರ ಅಳತೆ ಬದಲಾಗಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಸಸ್ಯದ ಭಾಗಗಳ ಪಾಠ ನಡೆದಿದೆ ಎನ್ನಿ. ಉಳಿದ ಮಕ್ಕಳು ಅರ್ಧ ಪುಟ ಉತ್ತರ ಬರೆಯುತ್ತಾರೆ. ಈ ಮಗುವಿಗಾಗಿ ಗುರುಗಳು ಮೊದಲು ಪಾಠದ ತಿರುಳನ್ನು ಆರಿಸಬೇಕು: ಬೇರು ನೀರು ಹೀರುತ್ತದೆ, ಎಲೆ ಆಹಾರ ತಯಾರಿಸುತ್ತದೆ. ಎರಡೇ ಮಾತು. ಆಮೇಲೆ ಹೊಲದಿಂದ ಬೇರುಸಹಿತ ಒಂದು ಜೋಳದ ಗಿಡ ಬರಲಿ. ಬೇರು, ದಂಟು, ಎಲೆ, ತೆನೆ, ನಾಲ್ಕನ್ನೂ ಮಗು ಮುಟ್ಟಿ ನೋಡಲಿ. ಅದೇ ನಾಲ್ಕರ ಚಿತ್ರದ ಚೀಟಿ ಮಾಡಿ ಗಿಡದ ಮೇಲೆ ಇಡಿಸಿ. ಕೊನೆಗೆ ಪ್ರಶ್ನೆ: ಬೇರು ಕಿತ್ತರೆ ಗಿಡ ಏನಾಗುತ್ತದೆ? ಮುಂದೆ ಎರಡು ಚಿತ್ರ, ಒಂದು ಹಸಿರು ಗಿಡ, ಒಂದು ಒಣಗಿದ ಗಿಡ. ಮಾತು ಬಾರದ ಮಗುವೂ ಬೆರಳು ಇಟ್ಟು ತೋರಿಸಬಲ್ಲದು. ಅವಸರ ಮಾಡದೆ ಕಾಯಬೇಕು. ತಪ್ಪಿದರೆ ತೋರಿಸಿಕೊಟ್ಟು ನಾಳೆ ಮತ್ತೆ ಕೇಳಬೇಕು. ಬೆರಳು ತಾನಾಗಿ ಒಣಗಿದ ಗಿಡದ ಮೇಲೆ ಹೋಗತೊಡಗಿದ ದಿನ, ಆ ಪಾಠ ಅದಕ್ಕೂ ತಲುಪಿತು ಎಂದು ತಿಳಿಯಬೇಕು.

ಲೆಕ್ಕದಲ್ಲೂ ಹೀಗೆಯೇ. ಅಪೂರ್ಣಾಂಕ ನಡೆದಾಗ ಒಂದು ರೊಟ್ಟಿ ಮುರಿದು ಅರ್ಧ, ಕಾಲು ತೋರಿಸಿದರೆ ಆಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. “ನೋಟು ಎಣಿಸಲು ಬಂದರೆ ಸಾಕಲ್ಲವೇ, ಈ ಬೇರು ಎಲೆ ಯಾಕೆ ಬೇಕು?” ಎಂದು ಕೇಳುವವರಿದ್ದಾರೆ. ನೋಟು ಎಣಿಸುವುದು ಬೇಕು. ತಾನೇ ಉಣ್ಣುವುದು, ಶೌಚಕ್ಕೆ ಹೋಗುವುದು, ರಸ್ತೆ ದಾಟುವುದೂ ಬೇಕು. ಆದರೆ ಉಳಿದ ಮಕ್ಕಳಿಗೆ ಈ ಪಾಠ ಹೇಳುವಾಗ ಇದರಿಂದ ಏನು ಲಾಭವೆಂದು ಯಾರೂ ಲೆಕ್ಕ ಹಾಕುವುದಿಲ್ಲ. ತರಗತಿ ಜೋಳದ ಗಿಡದ ಬಗ್ಗೆ ಮಾತಾಡುವಾಗ ಈ ಮಗುವೂ ಆ ಮಾತಿನಲ್ಲಿ ಇರಬೇಕು. ಕಲಿಸುವ ಮೊದಲೇ ಬಾರದೆಂದು ತೀರ್ಮಾನಿಸಿದರೆ, ಬರುತ್ತಿತ್ತೋ ಇಲ್ಲವೋ ಎಂದೂ ತಿಳಿಯುವುದಿಲ್ಲ. ಅಮೆರಿಕದಲ್ಲಿ 1975ರ ಕಾಯ್ದೆ ಇಂಥ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಎಲ್ಲರ ಪಠ್ಯಕ್ರಮದಲ್ಲಿ ಅವರಿಗೂ ಪಾಲಿರಬೇಕೆಂದು ಕಾಯ್ದೆ ಒತ್ತಿ ಹೇಳಲು 1997 ಬರಬೇಕಾಯಿತು.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ, ಅದು ಭಾಷೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷೂ ಸೇರಿ ಮೂರು. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿದ ಮಗುವಿಗೆ ತಪಾಸಣೆಯಲ್ಲಿ ಮರಾಠಿಯ ಪ್ರಶ್ನೆ ಹಾಕಿದರೆ ಅದು ಸುಮ್ಮನೆ ನಿಲ್ಲಬಹುದು. ಆ ಮೌನ ಬುದ್ಧಿಯದೋ ಭಾಷೆಯದೋ? ಆದ್ದರಿಂದ ತಾಯಂದಿರೇ, “ನಮ್ಮ ಮಗುವಿನ ಮಾತು ಕನ್ನಡ, ಕನ್ನಡದಲ್ಲೇ ಕೇಳಿ” ಎಂದು ಮೊದಲೇ ಹೇಳಿ, ಜೊತೆಗಿದ್ದು ತಿಳಿಸಿಕೊಡಿ. ಬಾಲಭಾರತಿಯ ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಮಗುವಿಗೆ ಮೊದಲು ಆ ಪಾಠವನ್ನು ಮನೆಮಾತಿನಲ್ಲೇ ತಿಳಿಸಬೇಕು.

ಕಾನೂನೂ ನಮ್ಮ ಕಡೆಗಿದೆ. 2017ರಲ್ಲಿ ಜಾರಿಗೆ ಬಂದ ಆ ಕಾಯ್ದೆಯಂತೆ, ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ, ಇಲ್ಲವೆ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಪಠ್ಯಕ್ರಮ, ಪರೀಕ್ಷೆಗಳನ್ನು ತಕ್ಕಂತೆ ಮಾರ್ಪಡಿಸುವ ಕ್ರಮಗಳಲ್ಲಿ ಹೆಚ್ಚಿನ ಸಮಯ, ಉತ್ತರ ಬರೆಯುವ ಸಹಾಯಕ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ, ಇವೆಲ್ಲ ಹೆಸರಿಸಿ ಹೇಳಲಾಗಿದೆ. ಪರೀಕ್ಷೆಯ ವಿನಾಯಿತಿ ಸಿಕ್ಕಿತೆಂದು ಮರಾಠಿಯ ಮಾತನ್ನೇ ಬಿಡಿಸಬೇಡಿ. ಎಸ್.ಟಿ. ಬಸ್ಸಿನಲ್ಲಿ, ದವಾಖಾನೆಯಲ್ಲಿ ಅದು ಬೇಕಾಗುತ್ತದೆ.

ಎರಡು ಇಯತ್ತೆಗಳನ್ನು ಒಬ್ಬರೇ ನಡೆಸುವ ಗುರುಗಳ ಕಷ್ಟ ನನಗೆ ಗೊತ್ತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಶಿಕ್ಷಕರ ನೆರವಿಗೆ ಅವಕಾಶವಿದೆ. ಪಂಚಾಯತ ಸಮಿತಿಯ ಶಿಕ್ಷಣ ವಿಭಾಗದಲ್ಲಿ ಪಾಲಕರೇ ಹೋಗಿ ವಿಚಾರಿಸಿರಿ. ಚಿತ್ರದ ಚೀಟಿಗಳನ್ನು ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಮನೆಯಲ್ಲೇ ಮಾಡಬಹುದು.

ನಾಳೆ ಶಾಲೆಗೆ ಹೋದಾಗ ಗುರುಗಳನ್ನು ಒಂದು ಮಾತು ಕೇಳಿ: “ಈ ವಾರ ಇಯತ್ತೆಗೆ ಯಾವ ಪಾಠ? ಅದರಲ್ಲಿ ನಮ್ಮ ಮಗುವಿಗೆ ಯಾವ ಎರಡು ಮಾತು?”